ಡ್ಯೂ ಡೇಟ್ ದಾಟಿದ ಮರುದಿನ ಏನಾಗುತ್ತದೆ? ಆಸ್ಪತ್ರೆಗೊಂದು ಉತ್ತರ, ಬ್ಯಾಂಕಿಗೊಂದು

ಕರೆಂಟ್ ಬಿಲ್ಲಿನ ಮೇಲೆ ಡ್ಯೂ ಡೇಟ್ ಇರುತ್ತದೆ. ಕ್ರೆಡಿಟ್ ಕಾರ್ಡಿನ ಮೆಸೇಜಿನಲ್ಲಿ, ಇನ್ಶೂರೆನ್ಸ್ ನೋಟಿಸಿನಲ್ಲಿ, ಮನೆ ಸಾಲದ ಕಾಗದದಲ್ಲಿ ಇರುತ್ತದೆ. ಬಸುರಿ ಹೆಂಗಸಿನ ಸ್ಕ್ಯಾನಿಂಗ್ ರಿಪೋರ್ಟಿನಲ್ಲೂ ಇರುತ್ತದೆ. ಹಳ್ಳಿಯಿರಲಿ, ಪೇಟೆಯಿರಲಿ, ಇಂಗ್ಲಿಷ್ ಅಷ್ಟಾಗಿ ಬಾರದವರ ಬಾಯಲ್ಲೂ ಈ ಜೋಡಿಪದ ಸಲೀಸಾಗಿ ಓಡಾಡುತ್ತದೆ. "ನಾಡಿದ್ದು ಡ್ಯೂ ಡೇಟ್" ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಆದರೆ ಒಂದು ಗೊಂದಲ ಪದೇ ಪದೇ ಕಾಣುತ್ತದೆ. ಹೆರಿಗೆಯ ಡ್ಯೂ ಡೇಟ್ ಒಂದು ದಿನ ದಾಟಿದರೆ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಅದೇ ಮನೆಯಲ್ಲಿ ಇಎಂಐ ಡ್ಯೂ ಡೇಟ್ ಬಂದಾಗ "ಎರಡು ದಿನ ಆಚೀಚೆ ಆದರೆ ಏನು ಮಹಾ" ಅನ್ನುತ್ತಾರೆ. ಸಾಮಾನ್ಯವಾಗಿ ಇದು ತಿರುಗುಮುರುಗಾಗಿರಬೇಕು. ಮೊದಲನೆಯದರಲ್ಲಿ ಒಂದು ದಿನಕ್ಕೆ ಅಂಥ ಬೆಲೆ ಇಲ್ಲ. ಎರಡನೆಯದರಲ್ಲಿ ಒಂದು ದಿನವೇ ಎಲ್ಲ.

ಎರಡು ಪದದೊಳಗೆ ಎರಡು ಅರ್ಥ

ಇಂಗ್ಲಿಷಿನಲ್ಲಿ ‘ಡ್ಯೂ’ ಅನ್ನುವುದಕ್ಕೆ ಎರಡು ಮುಖ. ಒಂದು, ಸಲ್ಲಬೇಕಾದದ್ದು, ಅಂದರೆ ಬಾಕಿ. ಇನ್ನೊಂದು, ಬರಬೇಕಾದದ್ದು, ಅಂದರೆ ನಾವು ಎದುರು ನೋಡುತ್ತಿರುವುದು. ಬ್ಯಾಂಕಿನವರು ಮೊದಲನೇ ಅರ್ಥದಲ್ಲಿ ಬಳಸುತ್ತಾರೆ, ಡಾಕ್ಟರು ಎರಡನೇ ಅರ್ಥದಲ್ಲಿ. ಹಾಗಾಗಿ ಬ್ಯಾಂಕಿನ ಡ್ಯೂ ಡೇಟ್ ಒಂದು ಗಡುವು. ಆಸ್ಪತ್ರೆಯದು ಒಂದು ಅಂದಾಜು.

ಗಡುವುಗಳಲ್ಲೂ ಎಲ್ಲವೂ ಒಂದೇ ಬಿಗಿಯವಲ್ಲ. ಕೆಲವದಕ್ಕೆ ಕಾನೂನೇ ಮೇಲೆ ಕೆಲವು ದಿನ ಕೊಟ್ಟಿದೆ. ಕೆಲವು ನಡುರಾತ್ರಿಗೆ ಮುಗಿದರೆ ಮುಗಿಯಿತು. ಕಾಗದ ಯಾವುದೇ ಇರಲಿ, ದಿನಾಂಕ ನೋಡಿದ ಕೂಡಲೇ ಕೇಳಬೇಕಾದ ಪ್ರಶ್ನೆ ಒಂದೇ: ಇದರ ಮರುದಿನ ಏನಾಗುತ್ತದೆ?

ತಾಯಿ ಕಾರ್ಡಿನಲ್ಲಿರುವ ದಿನಾಂಕ

ಕರ್ನಾಟಕದಲ್ಲಿ ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲಿ ಎರಡು ದಿನಾಂಕ ಬರೆಯುತ್ತಾರೆ. ಒಂದು, ಕೊನೇ ಸಲ ಮುಟ್ಟಾದ ಮೊದಲ ದಿನ. ಇನ್ನೊಂದು, ಹೆರಿಗೆಯ ನಿರೀಕ್ಷಿತ ದಿನ. ಡಾಕ್ಟರು, ನರ್ಸು, ಆಶಾ ಕಾರ್ಯಕರ್ತೆಯರು ಇದನ್ನು ‘ಇಡಿಡಿ’ ಅನ್ನುತ್ತಾರೆ. ಮನೆಯವರ ಬಾಯಲ್ಲಿ ಅದು ‘ಡ್ಯೂ ಡೇಟ್’ ಅಥವಾ ಬರೀ ‘ಡೇಟ್’.

ಲೆಕ್ಕ ಬಹಳ ಸರಳ. ಕೊನೇ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು, ಏಳು ದಿನ ಸೇರಿಸುವುದು. ಜನವರಿ 10 ಅಂತಿಟ್ಟುಕೊಳ್ಳಿ. ಒಂಬತ್ತು ತಿಂಗಳಿಗೆ ಅಕ್ಟೋಬರ್ 10, ಮೇಲೆ ಏಳು ದಿನ, ಅಕ್ಟೋಬರ್ 17. ಒಟ್ಟು 280 ದಿನ, ಅಂದರೆ 40 ವಾರ. 19ನೇ ಶತಮಾನದ ಜರ್ಮನ್ ವೈದ್ಯ ಫ್ರಾಂಝ್ ನೇಗೆಲೆ ಅವರ ಹೆಸರಿನಲ್ಲಿ ಈ ಲೆಕ್ಕ ಇಂದಿಗೂ ನಡೆಯುತ್ತಿದೆ. ನಮ್ಮ ಅಜ್ಜಿಯರು ಹೇಳುವ ‘ಒಂಬತ್ತು ತಿಂಗಳು ಒಂಬತ್ತು ದಿನ’ಕ್ಕೂ ಇದಕ್ಕೂ ಇರುವ ಅಂತರ ಎರಡೇ ದಿನ ಅನ್ನುವುದು ನನಗೆ ಬಹಳ ಇಷ್ಟದ ಸಂಗತಿ.

ಆದರೆ ಈ ಲೆಕ್ಕ ಎಲ್ಲ ಹೆಂಗಸರಿಗೂ 28 ದಿನಕ್ಕೊಮ್ಮೆ ಮುಟ್ಟಾಗುತ್ತದೆ ಅಂದುಕೊಂಡು ಮಾಡಿದ್ದು. ನಿಜದಲ್ಲಿ ಕೆಲವರಿಗೆ 25, ಕೆಲವರಿಗೆ 35. ಕೆಲವರಿಗೆ ಆ ದಿನಾಂಕವೇ ಸರಿಯಾಗಿ ನೆನಪಿರುವುದಿಲ್ಲ. ಅದಕ್ಕೇ ಮೊದಲ ಮೂರು ತಿಂಗಳೊಳಗೆ ಒಂದು ಸ್ಕ್ಯಾನ್ ಮಾಡುತ್ತಾರೆ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಎಲ್ಲ ಭ್ರೂಣಗಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ. ನೆತ್ತಿಯಿಂದ ಕುಂಡಿಯವರೆಗಿನ ಉದ್ದ ಅಳೆದರೆ ವಯಸ್ಸು ಐದಾರು ದಿನದ ಹೆಚ್ಚುಕಡಿಮೆಯಲ್ಲಿ ಸಿಕ್ಕಿಬಿಡುತ್ತದೆ. ಮುಟ್ಟಿನ ಲೆಕ್ಕಕ್ಕೂ ಸ್ಕ್ಯಾನಿನ ಲೆಕ್ಕಕ್ಕೂ ಒಂದು ವಾರಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಡಾಕ್ಟರು ಸ್ಕ್ಯಾನನ್ನೇ ನಂಬುತ್ತಾರೆ.

ಇಲ್ಲೇ ಬಹಳ ಜನ ತಲೆ ಕೆಡಿಸಿಕೊಳ್ಳುವುದು. ಐದನೇ ತಿಂಗಳಲ್ಲಿ ಇನ್ನೊಂದು ಸ್ಕ್ಯಾನ್, ಎಂಟನೇ ತಿಂಗಳಲ್ಲಿ ಮತ್ತೊಂದು. ಒಂದೊಂದು ರಿಪೋರ್ಟಿನಲ್ಲಿ ಒಂದೊಂದು ಡ್ಯೂ ಡೇಟ್! ಯಾವುದನ್ನು ನಂಬುವುದು? ಮೊದಲ ಸ್ಕ್ಯಾನ್ ನೋಡಿ ಡಾಕ್ಟರು ಯಾವ ದಿನಾಂಕ ಖಾಯಂ ಮಾಡಿದರೋ ಅದನ್ನೇ. ಆಮೇಲಿನ ಸ್ಕ್ಯಾನುಗಳಲ್ಲಿ ಯಂತ್ರ ಮಗುವಿನ ಗಾತ್ರ ನೋಡಿ ಸರಾಸರಿ ಲೆಕ್ಕ ಹಾಕುತ್ತದೆ. ಹೊತ್ತಿಗೆ ತಕ್ಕಂತೆ ಬೆಳೆದ ಮಗುವೂ ಸ್ವಲ್ಪ ಸಣ್ಣಗಿದ್ದರೆ ದಿನಾಂಕ ಮುಂದಕ್ಕೆ ಹೋಗುತ್ತದೆ, ಸ್ವಲ್ಪ ದಪ್ಪಗಿದ್ದರೆ ಹಿಂದಕ್ಕೆ ಬರುತ್ತದೆ. ಕೊನೇ ಮೂರು ತಿಂಗಳಲ್ಲಿ ಈ ಲೆಕ್ಕ ಮೂರು ವಾರದಷ್ಟು ಆಚೀಚೆ ಆಗಬಹುದು. ಆ ಸ್ಕ್ಯಾನ್ ಮಾಡುವುದು ಮಗು ಹೇಗೆ ಬೆಳೆಯುತ್ತಿದೆ ಅಂತ ನೋಡಲು. ಹೆರಿಗೆಯ ದಿನ ಬದಲಿಸಲು ಅಲ್ಲ.

ಸರಿಯಾಗಿ ಡ್ಯೂ ಡೇಟಿನ ದಿನವೇ ಹೆರಿಗೆಯಾಗುವುದು ನೂರರಲ್ಲಿ ನಾಲ್ಕೈದು ಮಂದಿಗೆ ಮಾತ್ರ. ಒಂದೇ ಮರದ ಮಾವಿನಕಾಯಿಯನ್ನು ಒಂದೇ ದಿನ ಕಿತ್ತು ಅಡೆ ಹಾಕಿದರೂ ಎಲ್ಲವೂ ಒಟ್ಟಿಗೆ ಹಣ್ಣಾಗುವುದಿಲ್ಲ ಅಲ್ವಾ, ಹಾಗೆ. 37 ವಾರ ತುಂಬುವ ಮೊದಲು ಹುಟ್ಟಿದರೆ ಅವಧಿಗೆ ಮುಂಚಿನ ಹೆರಿಗೆ. 42 ವಾರ ತುಂಬಿದರೆ ಅವಧಿ ಮೀರಿದ ಹೆರಿಗೆ. ಈ ನಡುವಿನ ಐದು ವಾರದಲ್ಲಿ ಯಾವತ್ತಾದರೂ ಆಗಬಹುದು.

ಹಾಗಂತ ಡ್ಯೂ ಡೇಟ್ ದಾಟಿದ ಮೇಲೆ ಸುಮ್ನೆ ಮನೆಯಲ್ಲಿ ಕೂರುವುದಲ್ಲ. ತಪಾಸಣೆ ತಪ್ಪಿಸಬಾರದು. 41 ವಾರ ತುಂಬಿದರೂ ನೋವು ಬಾರದಿದ್ದರೆ ಔಷಧಿ ಕೊಟ್ಟು ನೋವು ಬರಿಸುವುದು ಒಳ್ಳೆಯದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಿಪಿ, ಶುಗರ್ ಇದ್ದವರಿಗೆ ಡಾಕ್ಟರು ಇನ್ನೂ ಮುಂಚೆಯೇ ಹೇಳಬಹುದು. ಮಗುವಿನ ಒದೆತ ಕಡಿಮೆಯಾದರೆ, ನೀರು ಹೋದರೆ, ರಕ್ತ ಕಂಡರೆ ಡ್ಯೂ ಡೇಟ್ ಯಾವಾಗ ಅಂತ ನೋಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕ್ರೆಡಿಟ್ ಕಾರ್ಡ್: ಮೂರು ದಿನದ ರಿಯಾಯಿತಿ, ಅರ್ಧ ಸತ್ಯ

ಕಾರ್ಡಿನಲ್ಲಿ ಎರಡು ದಿನಾಂಕ ಬೇರೆ ಬೇರೆ. ಸ್ಟೇಟ್‌ಮೆಂಟ್ ಡೇಟ್ ಅಂದರೆ ಬಿಲ್ ತಯಾರಾಗುವ ದಿನ. ಡ್ಯೂ ಡೇಟ್ ಅಂದರೆ ಆ ಬಿಲ್ ಕಟ್ಟಲು ಕೊನೇ ದಿನ. ನಡುವೆ ಸಾಮಾನ್ಯವಾಗಿ ಹದಿನೆಂಟು, ಇಪ್ಪತ್ತು ದಿನ ಇರುತ್ತದೆ. ಉದಾಹರಣೆಗೆ ಪ್ರತಿ ತಿಂಗಳು 5ಕ್ಕೆ ಬಿಲ್, 25ಕ್ಕೆ ಡ್ಯೂ ಡೇಟ್ ಅಂತಿಟ್ಟುಕೊಳ್ಳಿ. ಜೂನ್ 6ಕ್ಕೆ ಮಿಕ್ಸಿ ತೆಗೆದುಕೊಂಡರೆ ಅದು ಜುಲೈ 5ರ ಬಿಲ್ಲಿಗೆ ಬರುತ್ತದೆ. ಕಟ್ಟುವುದು ಜುಲೈ 25ಕ್ಕೆ. 49 ದಿನ ಬಡ್ಡಿಯಿಲ್ಲದ ಸಾಲ. ಅದೇ ಮಿಕ್ಸಿಯನ್ನು ಜುಲೈ 4ಕ್ಕೆ ತೆಗೆದುಕೊಂಡರೆ ಸಿಗುವುದು 21 ದಿನ.

ಡ್ಯೂ ಡೇಟ್ ದಾಟಿದರೆ? ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ, ಡ್ಯೂ ಡೇಟ್ ಆಗಿ ಮೂರು ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಮಾತ್ರ ಕಾರ್ಡ್ ಕಂಪನಿ ಲೇಟ್ ಫೀ ಹಾಕಬಹುದು, ಸಾಲದ ದಾಖಲೆ ಇಡುವ ಸಿಬಿಲ್‌ನಂಥ ಸಂಸ್ಥೆಗೆ ತಿಳಿಸಬಹುದು. ಈ ಮೂರು ದಿನದ ಸುದ್ದಿ ಬಾಯಿಂದ ಬಾಯಿಗೆ ಚೆನ್ನಾಗಿ ಹರಡಿದೆ. ಅದರ ಉಳಿದರ್ಧ ಹರಡಿಲ್ಲ. ನಾಲ್ಕನೇ ದಿನಕ್ಕೆ ಹೋದರೆ ಲೆಕ್ಕ ಶುರುವಾಗುವುದು ನಾಲ್ಕನೇ ದಿನದಿಂದ ಅಲ್ಲ, ಬಿಲ್ಲಿನಲ್ಲಿರುವ ಡ್ಯೂ ಡೇಟಿನಿಂದಲೇ. ಅಲ್ಲದೆ ಈ ನಿಯಮ ತಡೆಯುವುದು ಲೇಟ್ ಫೀಯನ್ನು, ಬಡ್ಡಿಯನ್ನಲ್ಲ.

‘ಮಿನಿಮಮ್ ಡ್ಯೂ’, ಅಂದರೆ ಬಿಲ್ಲಿನಲ್ಲಿ ಕನಿಷ್ಠ ಕಟ್ಟಲೇಬೇಕಾದ ಮೊತ್ತ, ಇದಕ್ಕಿಂತ ದೊಡ್ಡ ಗುಂಡಿ. ಬಿಲ್ 20,000 ರೂಪಾಯಿ, ಮಿನಿಮಮ್ 1,000 ರೂಪಾಯಿ. ಸಾವಿರ ಕಟ್ಟಿದರೆ ಲೇಟ್ ಫೀ ಬರುವುದಿಲ್ಲ, ನಿಜ. ಆದರೆ ಬಡ್ಡಿಯಿಲ್ಲದ ಅವಧಿ ಅಲ್ಲಿಗೆ ರದ್ದು. ಬಾಕಿ ಹಣಕ್ಕೆ ಖರೀದಿ ಮಾಡಿದ ದಿನದಿಂದಲೇ ಬಡ್ಡಿ ಬೀಳುತ್ತದೆ. ಹೊಸದಾಗಿ ತೆಗೆದುಕೊಳ್ಳುವ ಸಾಮಾನಿಗೂ ಮೊದಲ ದಿನದಿಂದಲೇ ಬಡ್ಡಿ. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇ. 40ರ ಹತ್ತಿರ ಹೋಗುವುದು ಅಪರೂಪವೇನಲ್ಲ. ಕಾರ್ಡಿನ ಬಗ್ಗೆ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತೇನೆ.

ಸಾಲದ ಕಂತು: ಲೆಕ್ಕ ರಾತ್ರಿಯೇ ಆಗುತ್ತದೆ

ಇಎಂಐ ವಿಷಯದಲ್ಲಿ ಮೂರು ದಿನದ ಆ ನಿಯಮ ಇಲ್ಲ. 2021ರ ನವೆಂಬರ್ 12ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಉದಾಹರಣೆ ಸಮೇತ ಬಿಡಿಸಿ ಹೇಳಿದೆ. ಬ್ಯಾಂಕು ದಿನದ ಕೊನೆಗೆ ಕಂಪ್ಯೂಟರಿನಲ್ಲಿ ಲೆಕ್ಕ ಮುಗಿಸುತ್ತದಲ್ಲ, ಅಷ್ಟರೊಳಗೆ ಪೂರ್ತಿ ಹಣ ಬಂದಿರಬೇಕು. ಡ್ಯೂ ಡೇಟ್ ಮಾರ್ಚ್ 31 ಆಗಿದ್ದು ಆ ರಾತ್ರಿಯ ಲೆಕ್ಕಕ್ಕೆ ಹಣ ಬಾರದಿದ್ದರೆ ಮಾರ್ಚ್ 31ಕ್ಕೇ ಸಾಲ ಸುಸ್ತಿ. ಏಪ್ರಿಲ್ 1ಕ್ಕೆ ಅಲ್ಲ. ಹಾಗೇ ಬಾಕಿ ಉಳಿದರೆ ಏಪ್ರಿಲ್ 30ಕ್ಕೆ ಒಂದು ಹಂತ ಕೆಳಗೆ, ಮೇ 30ಕ್ಕೆ ಇನ್ನೊಂದು ಹಂತ. 90 ದಿನ ತುಂಬುವ ಜೂನ್ 29ಕ್ಕೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ ಅನ್ನುವ ಹಣೆಪಟ್ಟಿ.

ಎನ್‌ಪಿಎ ಆದ ಮೇಲೆ ಒಂದು ಕಂತು ಕಟ್ಟಿಬಿಟ್ಟರೆ ಸರಿಹೋಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಸರಿಹೋಗುವುದಿಲ್ಲ. ಅದೇ ಸುತ್ತೋಲೆ ಹೇಳುವಂತೆ ಬಾಕಿ ಇರುವ ಅಸಲು, ಬಡ್ಡಿ ಎಲ್ಲವನ್ನೂ ಪೂರ್ತಿ ಕಟ್ಟಿದರೆ ಮಾತ್ರ ಖಾತೆ ಮತ್ತೆ ಸರಿಯಾದ ಸಾಲಗಳ ಪಟ್ಟಿಗೆ ಬರುತ್ತದೆ. ಜೊತೆಗೆ, 2025ರ ಜನವರಿಯಿಂದ ಬ್ಯಾಂಕುಗಳು ಸಾಲದ ವಿವರವನ್ನು ತಿಂಗಳಿಗೊಮ್ಮೆ ಬದಲು ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಕ್ರೆಡಿಟ್ ಸಂಸ್ಥೆಗಳಿಗೆ ಕಳಿಸಬೇಕು. ತಡವಾದದ್ದು ಮೊದಲಿಗಿಂತ ಬೇಗ ದಾಖಲಾಗುತ್ತದೆ.

ಸಾಲಗಾರರ ಪರವಾದ ನಿಯಮವೂ ಒಂದಿದೆ. ಕಂತು ತಡವಾದರೆ ಬ್ಯಾಂಕು ದಂಡ ಶುಲ್ಕ ಹಾಕಬಹುದು. ಆದರೆ ಆ ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮ ಇದು. ಕ್ರೆಡಿಟ್ ಕಾರ್ಡಿಗೆ ಮಾತ್ರ ಅನ್ವಯಿಸುವುದಿಲ್ಲ.

ಬೆಳೆ ಸಾಲದ ಲೆಕ್ಕ ಬೇರೆ. ಅಲ್ಲಿ 90 ದಿನದ ಅಳತೆ ಇಲ್ಲ, ಬೆಳೆಯ ಅಳತೆ. ಬೇಗ ಕೊಯ್ಲಿಗೆ ಬರುವ ರಾಗಿ, ಜೋಳದಂಥ ಬೆಳೆಗೆ ಕೊಟ್ಟ ಸಾಲ ಎರಡು ಬೆಳೆ ಹಂಗಾಮು ಬಾಕಿ ಉಳಿದರೆ ಎನ್‌ಪಿಎ. ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯುವ ಬೆಳೆಗೆ ಒಂದು ಹಂಗಾಮು. ಆದರೆ ಸೊಸೈಟಿ ಸಾಲ ತೆಗೆದ ರೈತರಿಗೆ ಎನ್‌ಪಿಎಗಿಂತ ಮುಖ್ಯವಾದದ್ದು ವಾಯಿದೆ. ವಾಯಿದೆಯೊಳಗೆ ಕಟ್ಟಿದರೆ ಸರ್ಕಾರ ಬಡ್ಡಿ ತುಂಬಿಕೊಡುತ್ತದೆ, ರೈತರಿಗೆ ಶೂನ್ಯ ಬಡ್ಡಿ. ವಾಯಿದೆ ತಪ್ಪಿ ಸುಸ್ತಿದಾರರಾದರೆ ಆ ಅನುಕೂಲ ಕೈಬಿಟ್ಟು ಹೋಗುತ್ತದೆ. ಅದಕ್ಕೇ ಕೈಸಾಲ ಮಾಡಿಯಾದರೂ ವಾಯಿದೆ ದಿನ ಸೊಸೈಟಿಗೆ ಕಟ್ಟಿ, ಮತ್ತೆ ಹೊಸದಾಗಿ ಸಾಲ ಎತ್ತುವವರು ಊರೂರಲ್ಲೂ ಸಿಗುತ್ತಾರೆ.

ಇನ್ಶೂರೆನ್ಸ್: ಒಂದೇ ಮನೆಯಲ್ಲಿ ಎರಡು ಕಾನೂನು

ಜೀವವಿಮೆಯ ಪ್ರೀಮಿಯಂ ಡ್ಯೂ ಡೇಟ್ ದಾಟಿದರೆ ತಕ್ಷಣ ಪಾಲಿಸಿ ಹೋಗುವುದಿಲ್ಲ. ಗ್ರೇಸ್ ಪೀರಿಯಡ್ ಇದೆ. ತಿಂಗಳ ಕಂತಾದರೆ 15 ದಿನ, ಮೂರು ತಿಂಗಳು, ಆರು ತಿಂಗಳು, ವರ್ಷದ ಕಂತಾದರೆ 30 ದಿನ. ಈ ದಿನಗಳಲ್ಲಿ ಪಾಲಿಸಿ ಜೀವಂತ ಇರುತ್ತದೆ. ಪಾಲಿಸಿದಾರರು ತೀರಿಕೊಂಡರೆ ಬಾಕಿ ಪ್ರೀಮಿಯಂ ಹಿಡಿದುಕೊಂಡು ಉಳಿದದ್ದನ್ನು ಮನೆಯವರಿಗೆ ಕೊಡುತ್ತಾರೆ. ಅದೂ ದಾಟಿದರೆ ಪಾಲಿಸಿ ಲ್ಯಾಪ್ಸ್.

ಆರೋಗ್ಯ ವಿಮೆಯಲ್ಲಿ ಸ್ವಲ್ಪ ಎಚ್ಚರ ಬೇಕು. ಕಂತಿನಲ್ಲಿ ಕಟ್ಟುವವರಿಗೆ ಗ್ರೇಸ್ ದಿನಗಳಲ್ಲೂ ರಕ್ಷಣೆ ಇದೆ. ಆದರೆ ವರ್ಷದ ಪಾಲಿಸಿ ಮುಗಿದು ರಿನ್ಯೂ ಮಾಡಿಸುವವರಿಗೆ ಗ್ರೇಸ್ ಉಳಿಸಿಕೊಡುವುದು ಹಳೇ ಸೌಲಭ್ಯವನ್ನು. ಅಂದರೆ ಹಳೇ ಕಾಯಿಲೆಗೆ ರಕ್ಷಣೆ ಸಿಗಲಿ ಅಂತ ಕಾದ ವರ್ಷಗಳು ವ್ಯರ್ಥವಾಗುವುದಿಲ್ಲ. ಪಾಲಿಸಿ ಮುಗಿದ ದಿನಕ್ಕೂ ಹಣ ಕಟ್ಟಿದ ದಿನಕ್ಕೂ ನಡುವೆ ಆಸ್ಪತ್ರೆಗೆ ಸೇರಿದರೆ ಆ ಖರ್ಚು ನಮ್ಮದೇ.

ಗಾಡಿ ಇನ್ಶೂರೆನ್ಸಿಗೆ ಗ್ರೇಸ್ ಅನ್ನುವುದೇ ಇಲ್ಲ. ಕಾಗದದಲ್ಲಿರುವ ದಿನದ ನಡುರಾತ್ರಿಗೆ ಮುಗಿಯಿತು. ಮಾರನೇ ಬೆಳಿಗ್ಗೆ ಸ್ಕೂಟರ್ ಹತ್ತಿದರೆ ವಿಮೆ ಇಲ್ಲದ ಗಾಡಿ. ಮೊದಲ ಸಲ ಸಿಕ್ಕಿಬಿದ್ದರೆ 2,000 ರೂಪಾಯಿ ದಂಡ, ಮತ್ತೆ ಸಿಕ್ಕಿದರೆ 4,000. ದಂಡಕ್ಕಿಂತ ದೊಡ್ಡ ಅಪಾಯ ಅಪಘಾತವಾದರೆ. ಎದುರಿನವರಿಗೆ ಕೊಡಬೇಕಾದ ಪರಿಹಾರ ಗಾಡಿ ಮಾಲೀಕರ ತಲೆಗೆ ಬೀಳುತ್ತದೆ. 90 ದಿನದ ಒಂದು ಅವಕಾಶ ಇದೆ ಅಂತ ಕೆಲವರು ಹೇಳುತ್ತಾರಲ್ಲ, ಅದು ಕ್ಲೇಮ್ ಮಾಡದ್ದಕ್ಕೆ ಸಿಗುವ ಬೋನಸ್ ಉಳಿಸಿಕೊಳ್ಳಲು ಮಾತ್ರ. ವಿಮೆಗೂ ಅದಕ್ಕೂ ಸಂಬಂಧವಿಲ್ಲ.

ಕರೆಂಟ್ ಬಿಲ್, ಇನ್‌ಕಮ್ ಟ್ಯಾಕ್ಸ್

ಕರೆಂಟ್ ಬಿಲ್ಲಿನ ಡ್ಯೂ ಡೇಟ್ ದಾಟಿದರೆ ಬಡ್ಡಿ ಸೇರುತ್ತದೆ. ಆದರೆ ಮರುದಿನವೇ ಲೈನ್‌ಮನ್ ಬಂದು ಫ್ಯೂಸ್ ಕೀಳುವಂತಿಲ್ಲ. 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಕನೆಕ್ಷನ್ ತೆಗೆಯುವ ಮೊದಲು ಲಿಖಿತ ನೋಟಿಸ್ ಕೊಟ್ಟು ಪೂರ್ತಿ 15 ದಿನ ಕಾಯಬೇಕು.

ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್‌ಗೆ ಸಂಬಳದಾರರ ಡ್ಯೂ ಡೇಟ್ ಮಾಮೂಲಾಗಿ ಜುಲೈ 31. ಸರ್ಕಾರ ಕೆಲವೊಮ್ಮೆ ಮುಂದೂಡುತ್ತದೆ. 2025ರಲ್ಲಿ ಸೆಪ್ಟೆಂಬರ್ 16ರವರೆಗೆ ಹೋಗಿತ್ತು. ಹಾಗಂತ ಪ್ರತಿ ವರ್ಷ ಅದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ. ತಡವಾಗಿ, ಡಿಸೆಂಬರ್ 31ರೊಳಗೆ ಸಲ್ಲಿಸುವವರಿಗೆ 5,000 ರೂಪಾಯಿವರೆಗೆ ಶುಲ್ಕ. ಆದಾಯ 5 ಲಕ್ಷ ಮೀರದಿದ್ದರೆ 1,000. ಶುಲ್ಕದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆದರೆ ಷೇರು ಪೇಟೆಯಲ್ಲಿ ಕೈ ಸುಟ್ಟುಕೊಂಡವರಿಗೆ ನಿಜವಾದ ಪೆಟ್ಟು ಬೇರೆ. ಡ್ಯೂ ಡೇಟಿನೊಳಗೆ ಸಲ್ಲಿಸಿದರೆ ಈ ವರ್ಷದ ನಷ್ಟವನ್ನು ಮುಂದಿನ ವರ್ಷಗಳ ಲಾಭದಿಂದ ಕಳೆಯಬಹುದು. ತಡವಾದರೆ ಆ ಹಕ್ಕು ಹೋಯಿತು.

ಭಾನುವಾರ ಬಂದರೆ?

"ಅವತ್ತು ರಜೆ, ಹಾಗಾಗಿ ಸೋಮವಾರ ಕಟ್ಟಬಹುದು" ಅನ್ನುವುದು ನಮ್ಮಲ್ಲಿ ಬೇರೂರಿದ ನಂಬಿಕೆ. ಇದು ಎಲ್ಲಿಂದ ಬಂತು ಅಂತ ನೋಡಿದರೆ 1897ರ ಜನರಲ್ ಕ್ಲಾಜಸ್ ಕಾಯ್ದೆ ಸಿಗುತ್ತದೆ. ಅದರ 10ನೇ ಸೆಕ್ಷನ್ ಹೇಳುವುದಿಷ್ಟು: ಕಾನೂನಿನ ಪ್ರಕಾರ ಕೋರ್ಟಿನಲ್ಲೋ ಕಚೇರಿಯಲ್ಲೋ ಒಂದು ದಿನದೊಳಗೆ ಮಾಡಬೇಕಾದ ಕೆಲಸವಿದ್ದು, ಅವತ್ತು ಅದು ಮುಚ್ಚಿದ್ದರೆ, ಮತ್ತೆ ತೆರೆದ ದಿನ ಮಾಡಿದರೂ ಸಮಯಕ್ಕೆ ಮಾಡಿದಂತೆಯೇ. ಇದು ಕೋರ್ಟು ಕಚೇರಿಯ ಮಾತು. ನಾವು ಸಹಿ ಹಾಕಿದ ಸಾಲದ ಕರಾರಿಗೂ ಇದೇ ನಡೆಯುತ್ತದೆ ಅಂದುಕೊಳ್ಳಬಾರದು.

ಪ್ರೋನೋಟು, ಹುಂಡಿಗಳ 1881ರ ಕಾಯ್ದೆಯಲ್ಲಿ ಇದು ಉಲ್ಟಾ. ಇಂಥ ದಿನ ಕೊಡುತ್ತೇನೆ ಅಂತ ಬರೆದುಕೊಟ್ಟ ನೋಟಿಗೆ ಆ ಕಾಯ್ದೆ ಮೂರು ದಿನ ಮೇಲೆ ಕೊಡುತ್ತದೆ. 10ನೇ ತಾರೀಕು ಅಂತ ಬರೆದಿದ್ದರೆ ವಾಯಿದೆ ಮುಗಿಯುವುದು 13ಕ್ಕೆ. ಆದರೆ 13 ಭಾನುವಾರ ಆದರೆ? ಸೋಮವಾರಕ್ಕೆ ಹೋಗುವುದಿಲ್ಲ. ಹಿಂದಿನ ಕೆಲಸದ ದಿನಕ್ಕೆ ಬರುತ್ತದೆ. ‘ಕೇಳಿದಾಗ ಕೊಡುತ್ತೇನೆ’ ಅಂತ ಬರೆದ ಪ್ರೋನೋಟಿಗೆ ಮಾತ್ರ ಈ ಮೂರು ದಿನ ಇಲ್ಲ.

ಇಎಂಐಗೆ ಭಾನುವಾರ, ಹಬ್ಬ ಯಾವುದೂ ಲೆಕ್ಕಕ್ಕಿಲ್ಲ. ಕಂತನ್ನು ಖಾತೆಯಿಂದ ತಾನಾಗಿಯೇ ಎಳೆದುಕೊಳ್ಳುವ ನಾಚ್ ವ್ಯವಸ್ಥೆ 2021ರ ಆಗಸ್ಟ್ 1ರಿಂದ ವಾರದ ಏಳೂ ದಿನ ನಡೆಯುತ್ತದೆ. ಯುಗಾದಿ ದಿನ 5ನೇ ತಾರೀಕಾದರೆ ಯುಗಾದಿ ದಿನವೇ ಹಣ ಕಟ್. ಅದಕ್ಕೇ ಹಿಂದಿನ ಸಂಜೆಯೇ ಖಾತೆಯಲ್ಲಿ ಹಣ ಇರಬೇಕು. ಇಲ್ಲದಿದ್ದರೆ ಸಾಲ ಕೊಟ್ಟವರೂ ಶುಲ್ಕ ಹಾಕುತ್ತಾರೆ, ಖಾತೆ ಇರುವ ಬ್ಯಾಂಕೂ ಹಾಕುತ್ತದೆ.

ಕೊನೇ ಗಳಿಗೆಯಲ್ಲಿ ಆ್ಯಪ್ ಮೂಲಕ ಕಟ್ಟುವವರು ಇನ್ನೊಂದು ಗಮನಿಸಬೇಕು. ನಮ್ಮ ಖಾತೆಯಿಂದ ಹಣ ಹೋದ ಹೊತ್ತು ಬೇರೆ, ಅದು ಅವರಿಗೆ ಜಮಾ ಆದ ಹೊತ್ತು ಬೇರೆ. ಕೆಲವು ಬಗೆಯ ಪಾವತಿ ಜಮಾ ಆಗಲು ಒಂದೆರಡು ದಿನವೂ ಹಿಡಿಯಬಹುದು. ರಸೀದಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ದಿನಾಂಕವನ್ನೇ ಬದಲಿಸಬಹುದೇ?

ಎಷ್ಟೋ ಸಲ ತಡವಾಗುವುದು ಹಣವಿಲ್ಲದೆ ಅಲ್ಲ. ಡ್ಯೂ ಡೇಟ್ 28ಕ್ಕೆ, ಸಂಬಳ 1ಕ್ಕೆ ಬರುವುದರಿಂದ. ಕ್ರೆಡಿಟ್ ಕಾರ್ಡಿನ ಬಿಲ್ ತಿರುಗುವ ದಿನವನ್ನು ಒಂದು ಸಲವಾದರೂ ಬದಲಿಸಿಕೊಳ್ಳುವ ಹಕ್ಕನ್ನು ರಿಸರ್ವ್ ಬ್ಯಾಂಕ್ ಗ್ರಾಹಕರಿಗೆ ಕೊಟ್ಟಿದೆ. ಬಿಲ್ ದಿನ ಬದಲಾದರೆ ಡ್ಯೂ ಡೇಟ್ ತಾನಾಗಿ ಬದಲಾಗುತ್ತದೆ. ಆ್ಯಪಿನಲ್ಲೋ ಕಸ್ಟಮರ್ ಕೇರಿನಲ್ಲೋ ಕೇಳಿದರೆ ಸಾಕು. ಇಎಂಐ ದಿನ ಬದಲಿಸುವುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ಕೆಲವರು ಅರ್ಜಿ ಕೊಟ್ಟರೆ ಒಪ್ಪುತ್ತಾರೆ. ಹೊಸ ದಿನಾಂಕ ಲಿಖಿತವಾಗಿ ಕೈಗೆ ಬರುವವರೆಗೆ ಹಳೇ ದಿನಾಂಕಕ್ಕೇ ಕಟ್ಟುತ್ತಿರಿ. ಬದಲಾದ ತಿಂಗಳ ಮೊದಲ ಬಿಲ್ಲಿನಲ್ಲಿ ದಿನಗಳು ಹೆಚ್ಚುಕಡಿಮೆ ಇರುತ್ತವೆ, ಮೊತ್ತವೂ ಮಾಮೂಲಿನಂತೆ ಇರುವುದಿಲ್ಲ. ಆ ಒಂದು ಬಿಲ್ಲನ್ನು ಮಾತ್ರ ಸಾಲು ಸಾಲಾಗಿ ಓದಿ ಕಟ್ಟಿ.